ಮೊಸರಿಲ್ಲದ ತಿಂಗಳು

ಸವಣೂರಿನ ಮಠದ ಓಣಿಯ ವಾದಿರಾಜಾಚಾರ್ಯರ ಮನೆಯೆಂದರೆ ಹೊಟ್ಟೆಗಿಂತ ಮೊದಲು ಪಂಚಾಂಗಕ್ಕೆ ಹಸಿವಾಗುವ ಮನೆ. ಆಷಾಢದ ಏಕಾದಶಿ ಬಂತೆಂದರೆ ಚಾತುರ್ಮಾಸ್ಯ ಶುರು. ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. "ಐದನೇ ತಿಂಗಳು ಇದ್ದಿದ್ರ ನಾವೂ ಇರ್ತಿದ್ದಿಲ್ಲ" ಎಂದು ಮಗ ಶ್ರೀಪಾದ ಪ್ರತಿ ವರ್ಷ ಹೇಳುತ್ತಿದ್ದ. ತಾಯಿ ಯಮುನಾಬಾಯಿ ಪ್ರತಿ ವರ್ಷ ಬೈಯುತ್ತಿದ್ದರು. ಅದೂ ವ್ರತದ ಒಂದು ಅಂಗವೇ ಆಗಿಹೋಗಿತ್ತು.

ಯಮುನಾಬಾಯಿಗೆ ಹೆಸರಿನಲ್ಲಷ್ಟೇ ಅಲ್ಲ, ಮಾತಿನಲ್ಲೂ ಬಾಯಿ ಇತ್ತು. ಆದರೆ ಮದುವೆಯಾಗಿ ಬಂದಂದಿನಿಂದ ಅವರ ಅಡುಗೆಮನೆಯಲ್ಲಿ ದೇವರಿಗೆ ತೋರಿಸದ ಒಂದಗುಳೂ ಯಾರ ಬಾಯಿಗೂ ಹೋಗಿರಲಿಲ್ಲ. ದೇವರು ಉಣ್ಣದ್ದನ್ನು ಮನೆ ಉಣ್ಣುವುದಿಲ್ಲ. ಅವರ ವೇದಾಂತ ಇಷ್ಟೇ. ಉಳಿದದ್ದನ್ನು ಗಂಡನಿಗೆ ಬಿಟ್ಟುಕೊಟ್ಟಿದ್ದರು.

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಅಧಿಕಮಾಸ ನಡುವೆ ನುಗ್ಗಿ, ಮೊಸರಿಲ್ಲದ ತಿಂಗಳು ಉಬ್ಬಿ ಎರಡು ತಿಂಗಳಾಯಿತು. ಅದೇ ಹೊತ್ತಿಗೆ ಸೊಸೆ ಗೋಪಿಕಾಳ ಹೊಟ್ಟೆಯೂ ಉಬ್ಬತೊಡಗಿತ್ತು. ಗೋಪಿಕಾ ಬಿ.ಎ. ಓದಿದವಳು, ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಹಾನಗಲ್ಲಿನ ಆಕೆಯ ತವರಿನಲ್ಲಿ ವರ್ಷದ ಹನ್ನೆರಡು ತಿಂಗಳೂ ಊಟದ ಕೊನೆಗೆ ಮೊಸರನ್ನ. ಮದುವೆಗೆ ಮುಂಚೆ ಯಮುನಾಬಾಯಿ ವ್ರತದ ಮಾತೆತ್ತಿದಾಗ, "ನಿಮ್ಮ ಮನಿ ಪದ್ಧತಿ ಹೆಂಗೋ ಹಂಗ ಇರ್ತೇನ್ರಿ" ಎಂದಿದ್ದಳು. ಕೊಟ್ಟ ಮಾತಿಗೆ ತಪ್ಪುವ ಹುಡುಗಿಯಲ್ಲ. ಈಗ ತೊಂದರೆಯಾದದ್ದೂ ಅದೇ.

ಮೊಸರಿಲ್ಲವೆಂದರೆ ಮನೆಯಲ್ಲಿ ಮೊಸರೇ ಇಲ್ಲವೆಂದಲ್ಲ. ಮಜ್ಜಿಗೆಗೆ ಅಡ್ಡಿಯಿಲ್ಲ. ಹೀಗಾಗಿ ಹಾಲಿಗೆ ಹೆಪ್ಪು ಬೀಳುತ್ತಿತ್ತು, ಬೆಳಿಗ್ಗೆ ಗಡಿಗೆಯ ತುಂಬ ಕೆನೆಗಟ್ಟಿದ ಮೊಸರು ಇರುತ್ತಿತ್ತು. ಅದನ್ನು ಕಡೆದು, ಬೆಣ್ಣೆ ತೆಗೆದು, ನೀರು ಬೆರೆಸಿದ ಮೇಲೆಯೇ ಎಲೆಗೆ. ಯಮುನಾಬಾಯಿ ಕಡೆಯಲು ಕೂತರೆ ಸೊಸೆ ಅಡುಗೆಮನೆಯ ಹೊಸ್ತಿಲಾಚೆ ನಿಂತು ಗಡಿಗೆಯನ್ನೇ ನೋಡುತ್ತಿದ್ದಳು. "ಏನ ಬೇಕವಾ?" ಎಂದರೆ, "ಏನಿಲ್ರಿ ಅತ್ಯಾ, ಸುಮ್ನ."

ಹಾಲು ಹಾಕುವ ಮಂಜವ್ವನ ಬಾಯಿಗೆ ಸುಮ್ಮನಿರುವ ವ್ರತ ಗೊತ್ತಿರಲಿಲ್ಲ. ಒಂದು ಆದಿತ್ಯವಾರ ಹಾಲು ಹೊಯ್ಯುತ್ತ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬಾಯಾರ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಸೊಸಿ ನಿನ್ನಿ ಸಾಲಿಯಿಂದ ಬರೂಮುಂದ ನಮ್ಮ ಕಟ್ಟಿಮ್ಯಾಗ ಕುಂತಿದ್ರು. ನಮ್ಮನ್ಯಾಗ ಮೊಸರ ಎಷ್ಟ ಗಟ್ಟಿ ಆಗತೈತಿ, ಎಮ್ಮೀದೋ ಆಕಳದೋ, ಮ್ಯಾಲ ಕೆನಿ ಬರತೈತೇನು… ಬರೇ ಕೇಳಿದ್ದ ಕೇಳಿದ್ದು. ಕೊಡ್ಲೇನ್ರಿ ಒಂದ ಬಟ್ಲಾ ಅಂದ್ರ, ಬ್ಯಾಡವಾ ಅಂತ ಎದ್ದ ಹೋದ್ರು."

"ಬ್ಯಾಡ ಅಂದ್ಲಲ್ಲ, ಆತು."

"ಏನ ಆತ್ರಿ? ಬಸುರಿ ಬಯಕಿ ತೀರದಿದ್ರ ಕೂಸಿನ ಕಿವಿ ಸೋರತಾವ. ಆಮ್ಯಾಲ ಆ ಕಿವಿಗೆ ನಿಮ್ಮ ಮಂತ್ರ ಹೆಂಗ ಕೇಳಬೇಕ್ರಿ?"

ಮಂಜವ್ವ ಹೋದಳು, ಮಾತು ಉಳಿಯಿತು. ಯಮುನಾಬಾಯಿ ನೇರವಾಗಿ ಗಂಡನ ಮುಂದೆ ಬಂದು ನಿಂತರು. "ಏನ್ರಿ, ಬಸುರಿಗೆ ಈ ವ್ರತ ಬೇಕ ಬೇಕೇನು?"

ಆಚಾರ್ಯರು ಓದುತ್ತಿದ್ದ ಗ್ರಂಥದಿಂದ ತಲೆಯೆತ್ತಿ ಕನ್ನಡಕದ ಮೇಲಿಂದ ನೋಡಿದರು. "ಗರ್ಭಿಣಿಗೆ, ಬಾಲಕರಿಗೆ, ರೋಗಿಗೆ, ವೃದ್ಧರಿಗೆ ವಿನಾಯಿತಿ ಅದ. ಆಕಿ ಧಾರಾಳ ತಿನ್ನಬಹುದು."

"ತಿನ್ನಬಹುದು ಖರೆ. ಆದ್ರ ಈ ತಿಂಗಳ ದೇವರಿಗೆ ಮೊಸರು ತೋರಿಸೂ ಹಂಗಿಲ್ಲ. ತೋರಿಸಲಾರದ್ದು ಈ ಮನ್ಯಾಗ ಹೆಂಗ ಬಡಸಲಿ?"

ಆಚಾರ್ಯರು ಪುಟ ತಿರುವಿದರು, ಕೆಮ್ಮಿದರು, ಮತ್ತೊಂದು ಪುಟ ತಿರುವಿದರು. ಶಾಸ್ತ್ರ ಸೊಸೆಯನ್ನು ಬಿಟ್ಟಿತ್ತು, ಅತ್ತೆಯನ್ನು ಬಿಟ್ಟಿರಲಿಲ್ಲ.

ಶ್ರೀಪಾದನಿಗೆ ಅಂದು ರಜೆ. ವಾರವಿಡೀ ಶಿಗ್ಗಾಂವಿಯ ಕಚೇರಿಗೆ ಬಸ್ಸಿನಲ್ಲಿ ಹೋಗಿಬರುವ ಅವನು ಮನೆಗೆ ಕಂಡಕ್ಟರನ ದನಿಯಲ್ಲೇ ಬರುತ್ತಿದ್ದ. ಈಗ ಮಾತ್ರ ಹೆಗಲ ಮೇಲಿನ ಟವೆಲನ್ನೇ ಶಾಲಿನಂತೆ ಹೊದ್ದು, ಮೂಗಿನಲ್ಲಿ ಅಪ್ಪನ ದನಿ ತೆಗೆದ: "ಸಕೃನ್ಮಥಿತಮಾತ್ರೇಣ ದಧಿ ತಕ್ರತ್ವಮಶ್ನುತೇ! ಅರ್ಥಾತ್, ಒಂದ ಸಲ ಕಡಗೋಲು ತಿರುಗಿಸಿದ್ರ ಸಾಕು, ಮೊಸರು ಮಜ್ಜಿಗಿ ಆಗ್ತದ. ಒಂದ ಸುತ್ತ ತಿರುಗಿಸವಾ, ಮ್ಯಾಲಿನ ಕೆನಿ ಬೆಣ್ಣಿ ಅಂತ ತಗೀ, ದೇವರಿಗೆ ತೋರಿಸು, ಸೊಸಿಗೆ ಕೊಡು."

"ಯಾವ ಗ್ರಂಥದಾಗ ಅದನೋ ಅದು?" ಅಸಲಿ ದನಿ ಒಳಗಿನಿಂದ ಬಂತು.

"ನಮ್ಮ ಅಡಗಿಮನಿ ಗ್ರಂಥ ಅಪ್ಪಾ. ಕರ್ತೃ ಹಸಕೊಂಡಿದ್ದ, ಹೆಸರ ಬರಿಯೋದ ಮರತಾನ."

ಯಮುನಾಬಾಯಿಗೆ ನಗು ಬಂತು, ಉಪಾಯವೂ ಹಿಡಿಸಿತು. ಮಡಿಯಲ್ಲಿ ಗಡಿಗೆಯ ಮುಂದೆ ಕೂತು ಕಡೆಗೋಲಿಗೆ ಹಗ್ಗ ಸುತ್ತಿದರು. ಒಂದೇ ಸುತ್ತು. ಕಡೆಯುವುದಕ್ಕೂ ಒಂದು ಕಡೆ ಇರಬೇಕಲ್ಲ, ಇಲ್ಲಿಗೇ ಇರಲಿ. ಆದರೆ ಹಗ್ಗ ಹಿಡಿದ ಕೈ ಮುಂದೆ ಹೋಗಲಿಲ್ಲ. ಮೊಸರು ಎದುರಿಗೇ ಗಟ್ಟಿಯಾಗಿ, ಬೆಳ್ಳಗೆ, ಯಾವ ಅನುಮಾನವೂ ಇಲ್ಲದಂತೆ ಕೂತಿತ್ತು. ಇದನ್ನು ಮಜ್ಜಿಗೆ ಎಂದರೆ ಗಂಡ ನಂಬಿಯಾರು, ಓಣಿ ನಂಬೀತು. ದೇವರ ಮುಂದೆ ಇಟ್ಟು ಹೇಳುವುದು ಹೇಗೆ? ಇಷ್ಟು ವರ್ಷ ಆತನಿಗೆ ಉಪ್ಪು ಕಡಿಮೆಯಾದ ಸಾರು ಬಡಿಸಿದ್ದುಂಟು, ಸೀದ ಪಾಯಸ ಬಡಿಸಿದ್ದುಂಟು. ಸುಳ್ಳು ಬಡಿಸಿರಲಿಲ್ಲ.

ಹಗ್ಗ ಬಿಚ್ಚಿಟ್ಟು ಎದ್ದರು. ಬೆಳ್ಳಿಯ ಬಟ್ಟಲಿಗೆ ಮೊಸರು ತೆಗೆದುಕೊಂಡು ದೇವರ ಕೋಣೆಯ ಬಾಗಿಲಿನವರೆಗೆ ಹೋದರು, ಒಳಗೆ ಕಾಲಿಡಲಿಲ್ಲ. ಮಂಟಪದಲ್ಲಿ ಹೆಬ್ಬೆರಳುದ್ದದ ಬಾಲಕೃಷ್ಣ ಅಂಬೆಗಾಲಿಟ್ಟುಕೊಂಡು ಇತ್ತಲೇ ನೋಡುತ್ತಿದ್ದ.

"ಇದು ನಿನಗಲ್ಲಪಾ," ಎಂದರು. "ನಿನಗ ತೋರಿಸದ ಕೊಡಲಿಕ್ಕತ್ತೇನಿ, ಹೇಳದ ಅಲ್ಲ. ಮೊಸರಿನ ಆಸಿ ಏನಂತ ನಿನಗ ನಾ ಹೇಳಬೇಕೇನು? ನೀ ಮಂದಿ ಮನಿ ಹೊಕ್ಕು ಕದ್ದು ತಿಂದವ. ಆಕಿ ಕದೀಲಿಲ್ಲ, ಬಾಯಿಬಿಟ್ಟು ಕೇಳಲೂ ಇಲ್ಲ. ಸಿಟ್ಟು ಮಾಡೂದಿದ್ರ ನನ್ನ ಮ್ಯಾಲ ಮಾಡು. ಕೂಸಿನ ತಂಟಿಗೆ ಹೋಗಬ್ಯಾಡ."

ಬಾಲಕೃಷ್ಣನ ಕೈಯಲ್ಲಿ ಹೇಗೂ ಬೆಣ್ಣೆ ಇತ್ತು.

ಪಡಸಾಲೆಯಲ್ಲಿ ಬಟ್ಟಲು ಮುಂದೆ ಬಂದಾಗ ಗೋಪಿಕಾ ಬೆಚ್ಚಿ ಹಿಂದೆ ಸರಿದಳು. "ಅತ್ಯಾ, ಬ್ಯಾಡ್ರಿ! ನಿಮ್ಮ ವ್ರತಾ?"

"ನನ್ನ ವ್ರತ ನನ್ನ ಎಲಿಮ್ಯಾಲ ಇರ್ತದ, ನಿನ್ನ ಎಲಿಗ್ಯಾಕ ಬರ್ತದ? ತಿನ್ನು."

"ನಾ ಮಾತ ಕೊಟ್ಟಿದ್ದೆ…"

"ನೀ ಒಬ್ಬಾಕಿ ಕೊಟ್ಟಿದ್ದಿ. ಒಳಗಿನವರು ಇನ್ನೂ ಕೊಟ್ಟಿಲ್ಲ. ಅವರದೇನಿದ್ರೂ ಹೊರಗ ಬಂದ ಮ್ಯಾಲ ನೋಡೂಣಂತ."

ಗೋಪಿಕಾ ಮೊದಲು ಬೆರಳ ತುದಿಯಲ್ಲಿ ನೆಕ್ಕಿದಳು. ಆಮೇಲೆ ಅನ್ನವನ್ನೂ ಕೇಳದೆ, ಉಪ್ಪನ್ನೂ ಕೇಳದೆ, ಬಟ್ಟಲನ್ನೇ ಬಾಯಿಗೆತ್ತಿದಳು. ಕಣ್ಣಲ್ಲಿ ನೀರು, ಮೀಸೆಯಿಲ್ಲದ ಕಡೆ ಮೊಸರಿನ ಮೀಸೆ. ಯಮುನಾಬಾಯಿ ಎದುರಿಗೆ ಕೂತು ನೋಡಿದರು. ಇಡೀ ಮನೆಗೆ ಹರಡಿದ್ದ ವ್ರತ ಕುಗ್ಗಿ ತಮ್ಮೊಬ್ಬರ ಎಲೆಯಷ್ಟಾಗಿತ್ತು. ಎದೆ ಭಾರವಾದೀತೆಂದು ಕಾದರು, ಆಗಲಿಲ್ಲ. "ಇನ್ನೊಂದೀಟು ಹಾಕ್ಲೇನು?" ಎಂದರು.

ಅಷ್ಟರಲ್ಲಿ ಕೋಣೆಯಿಂದ ಆಚಾರ್ಯರ ಕೆಮ್ಮು ಕೇಳಿಸಿತು. "ಅಲ್ಲಾ… ಆಗಲೇ ಹೇಳಿದೆನಲ್ಲ, ವೃದ್ಧರಿಗೂ ವಿನಾಯಿತಿ ಅದ ಅಂತ."

ಯಮುನಾಬಾಯಿ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. "ಹೌದೇನ್ರಿ? ನಿಮಗೆಷ್ಟ ತಿಂಗಳಾತು?"