ಅರ್ಧ ಸೀಬೆಹಣ್ಣು

ವಿಜಯವಾಡಕ್ಕೆ ಹೊರಡುವ ದಿನ ಅಮ್ಮ ನನ್ನ ಬ್ಯಾಗಿನ ತಳದಲ್ಲಿ ಎರಡು ಕೆಜಿ ಅನಕಾಪಲ್ಲಿ ಬೆಲ್ಲ ಇಟ್ಟಳು. ವಿಶಾಖಪಟ್ಟಣದಿಂದ ನೆಂಟರ ಮನೆಗೆ ಹೋಗುವಾಗ ಬೆಲ್ಲ ಒಯ್ಯದಿದ್ದರೆ, ನಮ್ಮ ಟೌನ್‌ಶಿಪ್ಪಿನ ಹೆಂಗಸರ ಲೆಕ್ಕದಲ್ಲಿ ಬರಿಗೈಯಲ್ಲಿ ಹೋದ ಹಾಗೆಯೇ.

"ಅಮ್ಮಾ, ನಾನು ಹೋಗ್ತಿರೋದೇ ಚಿಕ್ಕಪ್ಪನ ಶುಗರ್ ಇಳಿಸೋಕೆ."

"ಅವರಿಗಲ್ಲ ಕಣೇ, ನಿಮ್ಮ ಚಿಕ್ಕಮ್ಮಂಗೆ. ಬೆಲ್ಲ ತರಲಿಲ್ಲ ಅಂತ ಸೀತಾಲಕ್ಷ್ಮಿ ಮುಂದಿನ ಮೂರು ಮದುವೆಲಿ ಆಡ್ಕೋತಾಳೆ."

ನಾನು ಬ್ಯಾಗಿನ ಜಿಪ್ ಎಳೆದೆ.

ನಾರಾಯಣಸ್ವಾಮಿ ಚಿಕ್ಕಪ್ಪ ಅಪ್ಪನ ತಮ್ಮ. ಬ್ಯಾಂಕಿನಲ್ಲಿ ಆಫೀಸರ್. ತುಮಕೂರಿನಿಂದ ವರ್ಗವಾಗಿ ಬಂದು ವಿಜಯವಾಡದ ಭವಾನಿಪುರಂನಲ್ಲಿ ಮನೆ ಮಾಡಿ ಆರು ವರ್ಷವಾಗಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಚೆಕ್ಕಿನ ಮೇಲಿನ ಸಹಿಯನ್ನು ಹೋಲಿಸಿ ನೋಡಲಾಗದೆ ಒದ್ದಾಡುತ್ತಿದ್ದುದನ್ನು ಮ್ಯಾನೇಜರ್ ಗಮನಿಸಿ, ಅವರನ್ನು ವಿಚಾರಣೆಯ ಮೇಜಿಗೆ ಕೂರಿಸಿದ್ದರು. ಫಾರಂ ಎಲ್ಲಿ ಸಿಗುತ್ತದೆ, ಪಾಸ್‌ಬುಕ್ ಎಂಟ್ರಿ ಎಲ್ಲಿ ಹಾಕಿಸಬೇಕು ಅಂತ ಹೇಳುವ ಕೆಲಸ. ಇಪ್ಪತ್ತೊಂಬತ್ತು ವರ್ಷ ಸಹಿ ಮಾಡಿದ ಮನುಷ್ಯ. ಆಪರೇಷನ್ ಆದರೆ ಮೊದಲಿನ ಮೇಜು ಸಿಗುತ್ತಿತ್ತು. ಶುಗರ್ ಇಳಿಯದೆ ಕಣ್ಣಿಗೆ ಕೈ ಹಾಕುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಫೆಬ್ರವರಿ ಕೊನೆಯ ಸೋಮವಾರಕ್ಕೆ ರಕ್ತಪರೀಕ್ಷೆ ಇತ್ತು.

ಮಾತ್ರೆ ನುಂಗುತ್ತಿದ್ದರು, ನಡೆಯುತ್ತಿದ್ದರು. ಊಟವಾದ ಮೇಲೆ ಒಂದು ಸಿಹಿ ಇಲ್ಲದಿದ್ದರೆ ಮಾತ್ರ ಎದ್ದು ಹೋಗಿ ಡಬ್ಬಿಗಳ ಮುಚ್ಚಳ ತೆಗೆಯುತ್ತಿದ್ದರು. ಸಂಕ್ರಾಂತಿಗೆ ನಮ್ಮ ಮನೆಗೆ ಬಂದಾಗ ನಾನು ಸೀಬೆಹಣ್ಣನ್ನು ಓವನ್ನಿನಲ್ಲಿ ಬೇಯಿಸಿ ಕೊಟ್ಟಿದ್ದೆ. ನಾನು ಓದಿದ್ದು ಪೋಷಣಾಶಾಸ್ತ್ರ. ಡಿಗ್ರಿ ಮುಗಿದು ಎರಡು ವರ್ಷವಾಗಿತ್ತು. ಇಂಟರ್‌ವ್ಯೂಗಳಲ್ಲಿ ನನ್ನ ದನಿ ಮೇಜಿನ ಆಚೆ ಬದಿಗೆ ತಲುಪುತ್ತಿರಲಿಲ್ಲ.

ಆ ಸೀಬೆಹಣ್ಣನ್ನು ತಿಂದು ಚಿಕ್ಕಪ್ಪ ಅಂದರು: "ಇದು ದಿನಾ ಸಿಕ್ರೆ ನಾನು ಬೇರೆ ಸಿಹಿ ಮುಟ್ಟಲ್ಲಮ್ಮ. ಒಂದು ತಿಂಗಳು ಬಂದಿದ್ದು ಹೋಗು."

ನನ್ನನ್ನು ಹೀಗೆ ಬೇಕೆಂದು ಯಾರೂ ಕರೆದಿರಲಿಲ್ಲ.

ಮಾಡುವುದು ಸುಲಭ. ಅರೆಹಣ್ಣಾದ ಸೀಬೆಯನ್ನು ಸೀಳಿ ಬೀಜ ತೆಗೆದು, ತೆಳ್ಳಗೆ ಹೆಚ್ಚಿ, ನಿಂಬೆರಸ, ಚಕ್ಕೆಪುಡಿ, ಚಿಟಿಕೆ ಉಪ್ಪು ಹಾಕಿ ಕಲಸಬೇಕು. ಜೋಳದ ಹಿಟ್ಟಿಗೆ ಕುಟ್ಟಿದ ಕಡಲೆಬೀಜ, ಒಂದು ಚಮಚ ತುಪ್ಪ ಸೇರಿಸಿ ಬೆರಳಲ್ಲಿ ತಿಕ್ಕಿದರೆ ರವೆಯ ಹಾಗೆ ಉದುರುದುರಾಗುತ್ತದೆ. ಅದನ್ನು ಹಣ್ಣಿನ ಮೇಲೆ ಉದುರಿಸಿ, ಅಂಚು ಕೆಂಪಗಾಗುವ ತನಕ ಬೇಯಿಸಬೇಕು. ಸಕ್ಕರೆ ಇಲ್ಲ, ಬೆಲ್ಲ ಇಲ್ಲ, ಜೇನುತುಪ್ಪವೂ ಇಲ್ಲ. ಒಬ್ಬರಿಗೆ ಅರ್ಧ ಹಣ್ಣು, ಬದಲಿಗೆ ಒಂದು ಸೌಟು ಅನ್ನ ಕಡಿಮೆ.

ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಬಿಟ್ಟುಕೊಂಡರು, ಒಂದು ಷರತ್ತಿನ ಮೇಲೆ.

"ಬೇಯಿಸೋದು ನೀನು ಬೇಯ್ಸು. ಬಡಿಸೋದು ಮಾತ್ರ ನಾನು. ಅವರ ತಟ್ಟೆಗೆ ಮದುವೆಯಾದಾಗಿಂದ ಬೇರೆಯವರು ಬಡಿಸಿಲ್ಲ."

ಅದು ನ್ಯಾಯವೆಂದೇ ನನಗೆ ಅನಿಸಿತು. ಓವನ್ನಿನಿಂದ ತಟ್ಟೆ ತೆಗೆದು ಕಟ್ಟೆಯ ಮೇಲಿಟ್ಟು ನಾನು ರೂಮಿಗೆ ಹೋಗುತ್ತಿದ್ದೆ. ಚಿಕ್ಕಪ್ಪನ ಊಟವಾದ ಮೇಲೆ ನಾವಿಬ್ಬರೂ ಉಣ್ಣುತ್ತಿದ್ದೆವು. ಸೀಬೆಹಣ್ಣು ಮಾತ್ರ ಅವರೊಬ್ಬರಿಗೇ.

ಮೊದಲ ವಾರ ಚಿಕ್ಕಪ್ಪ ಬೆಳಿಗ್ಗೆ ಎದ್ದ ಕೂಡಲೇ ಬೆರಳು ಚುಚ್ಚಿಕೊಂಡು ಮೀಟರನ್ನು ನನ್ನ ಮುಂದೆ ಹಿಡಿಯುತ್ತಿದ್ದರು. "ಎಷ್ಟು ಓದಮ್ಮ." ಇನ್ನೂರ ಹತ್ತು, ನೂರ ತೊಂಬತ್ತು, ನೂರ ಅರವತ್ತೆರಡು. ಎಂಟನೆಯ ದಿನ ನೂರ ನಲವತ್ತೊಂದು ಬಂತು. ನಾನು ಡೈರಿಯಲ್ಲಿ ಆ ಅಂಕಿಯ ಸುತ್ತ ಗೆರೆ ಎಳೆದೆ.

ಅಂದೇ ಮೀಟರಿನ ಸ್ಟ್ರಿಪ್ ಮುಗಿಯಿತು. "ಇನ್ಯಾಕೆ ಚುಚ್ಕೊಳ್ಳೋದು? ದಾರಿ ಸಿಕ್ತಲ್ಲ," ಎಂದು ಚಿಕ್ಕಪ್ಪ ನಕ್ಕರು. ನೋಡುತ್ತಲೇ ಇರಬೇಕು ಅನ್ನುವುದು ನನಗೆ ಗೊತ್ತಿತ್ತು. ಹೇಳಲು ಎರಡು ಸಲ ಬಾಗಿಲ ತನಕ ಹೋಗಿ ಬಂದೆ. ಅವರು ಪೇಪರನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದರು.

ಎರಡನೆಯ ವಾರದಿಂದ ಅವರ ಹೊಗಳಿಕೆ ಜಾಸ್ತಿಯಾಯಿತು.

"ಸೀತಾ, ಈ ಹುಡುಗಿ ಕೈ ದಿನದಿನಕ್ಕೂ ಪಳಗ್ತಿದೆ! ನಿನ್ನೆಗಿಂತ ಇವತ್ತು ಚೆನ್ನಾಗಿದೆ."

"ಹೌದಾ? ತಿನ್ನಿ ಮತ್ತೆ," ಎನ್ನುತ್ತಿದ್ದರು ಚಿಕ್ಕಮ್ಮ.

ನಾನು ರೂಮಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಚಿಕ್ಕಪ್ಪನ ಮಾತನ್ನು ಹಾಗೆಹಾಗೇ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮಾಡುವ ರೀತಿ ಒಂದು ಚೂರೂ ಬದಲಾಗಿರಲಿಲ್ಲ. ಬದಲಾಗದೆ ರುಚಿ ಹೇಗೆ ಹೆಚ್ಚಿತು ಎಂದು ನಾನು ಯೋಚಿಸಲಿಲ್ಲ. ಹೊಗಳಿಕೆಗೆ ಕಾರಣ ಹುಡುಕುವ ಅಭ್ಯಾಸ ನನಗಿರಲಿಲ್ಲ.

ಪರೀಕ್ಷೆಗೆ ಎರಡು ದಿನ ಮುಂಚೆ, ಶನಿವಾರ, ಬ್ಯಾಂಕಿನ ಬಾಬ್ಜಿ ಗಾರು ಊಟಕ್ಕೆ ಬಂದರು. ಚಿಕ್ಕಪ್ಪನ ಹಳೆಯ ಮೇಜಿನಲ್ಲಿ ಈಗ ಅವರೇ ಕೂರುತ್ತಿದ್ದರು.

"ಬೇಗ ಬಂದು ನಿಮ್ಮ ಕುರ್ಚಿ ನೀವು ತಗೊಳ್ಳಿ ಸ್ವಾಮಿ ಗಾರು," ಎಂದು ತೆಲುಗಿನಲ್ಲಿ ಹೇಳಿ ನಗುತ್ತಿದ್ದರು. "ಆ ಕುರ್ಚಿಲಿ ಕೂತು ನನ್ನ ನಡು ಹೋಯ್ತು."

ನೀರಿನ ಜಗ್ ತುಂಬಿಸಲು ಅಡುಗೆಮನೆಗೆ ಹೋದೆ. ಚಿಕ್ಕಮ್ಮ ಒಲೆಯ ಮುಂದೆ ನಿಂತು, ಸಣ್ಣ ಪಾತ್ರೆಯಿಂದ ಏನನ್ನೋ ನನ್ನ ಸೀಬೆಹಣ್ಣಿನ ಮೇಲೆ ಸುರಿಯುತ್ತಿದ್ದರು. ಕಂದು ಬಣ್ಣದ್ದು, ನೂಲಿನ ಹಾಗೆ ಇಳಿಯುತ್ತಿತ್ತು. ಅದು ಜೋಳದ ಹಿಟ್ಟಿನ ಉದುರಿನೊಳಗೆ ಇಂಗಿ, ಮೇಲೆ ಏನೂ ಕಾಣದಾಯಿತು.

"ಚಿಕ್ಕಮ್ಮಾ... ಬೆಲ್ಲ."

"ಹೂಂ, ಬೆಲ್ಲ. ಸಕ್ಕರೆ ಅಲ್ಲವಲ್ಲ." ಅವರು ತಿರುಗಲೂ ಇಲ್ಲ. "ನಿಮ್ಮಮ್ಮ ಕಳಿಸಿದ್ದೇ. ಅನಕಾಪಲ್ಲಿದು. ಔಷಧಿ ಇದ್ದ ಹಾಗೆ."

"ಶುಗರ್ ಇರೋವ್ರಿಗೆ ಎರಡೂ ಒಂದೇ ಚಿಕ್ಕಮ್ಮ. ಎಷ್ಟು ದಿನದಿಂದ?"

"ನನಗೇ ಪಾಠ ಹೇಳ್ತೀಯಾ? ಮೊದಲನೇ ವಾರ ಕಳೆದ್ಮೇಲೆ ಬಾಯಿಗಿಟ್ಟು ನೋಡ್ದೆ, ಸಪ್ಪೆ. ಆವತ್ತಿಂದ." ಚಮಚದಿಂದ ಪಾತ್ರೆಯ ತಳ ಕೆರೆದರು. "ಇಪ್ಪತ್ತೆಂಟು ವರ್ಷ ನನ್ನ ಕೈಲಿ ತಿಂದ್ರು. ಒಂದು ದಿನ ಚೆನ್ನಾಗಿದೆ ಅಂತ ಬಾಯಿ ಬಿಡಲಿಲ್ಲ. ಈಗ ದಿನಾ ಅಂತಾರಲ್ಲ, ನಿನ್ನ ಹಣ್ಣಿಗೆ ಅಂದ್ಕೊಂಡ್ಯಾ?"

ಜಗ್ ತುಂಬಿ ನೀರು ನನ್ನ ಕೈಮೇಲೆ ಹರಿಯುತ್ತಿತ್ತು. ಅವರೇ ನಲ್ಲಿ ನಿಲ್ಲಿಸಿ, ತಟ್ಟೆ ಎತ್ತಿಕೊಂಡು ಹೊರಗೆ ಹೋದರು.

"ತಗೊಳ್ಳಿ ಬಾಬ್ಜಿ ಗಾರು. ನಮ್ಮ ಸಹನಾ ಮಾಡಿದ್ದು. ಸಕ್ಕರೆ ಒಂದು ಕಾಳೂ ಇಲ್ಲ."

"ಅಬ್ಬೋ, ಚಾಲಾ ಬಾಗುಂದಿ!" ಎಂದು ರುಚಿಯನ್ನು ಹೊಗಳಿದರು ಬಾಬ್ಜಿ ಗಾರು.

ಚಿಕ್ಕಪ್ಪ ಎರಡನೆಯ ತುಂಡಿಗೆ ತಟ್ಟೆ ಮುಂದೆ ಚಾಚಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಚಿಕ್ಕಪ್ಪಾ ಬೇಡ, ಅನ್ನುವ ಎರಡು ಶಬ್ದ ಹೇಳಿದ್ದರೆ ಸಾಕಿತ್ತು. ಹೊರಗಿನವರ ಮುಂದೆ ಚಿಕ್ಕಮ್ಮನ ಮಾನ, ಆಮೇಲೆ ಆ ಮನೆಯಲ್ಲಿ ಆಗುವ ರಾದ್ಧಾಂತ, ಇವೆಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಅಷ್ಟರಲ್ಲಿ ಚಿಕ್ಕಪ್ಪ ತಿಂದು ಮುಗಿಸಿ ಬೆರಳು ನೆಕ್ಕುತ್ತಿದ್ದರು.

ಭಾನುವಾರ ಆಟೋ ಹತ್ತಿ ಗವರ್ನರ್‌ಪೇಟೆಗೆ ಹೋಗಿ, ತೆರೆದಿದ್ದ ಒಂದು ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ಕೊಂಡು ತಂದೆ. ಆದರೆ ಡಬ್ಬಿಯನ್ನು ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ. ಚುಚ್ಚಿದರೆ ಅಂಕಿ ಬರುತ್ತದೆ. ಅಂಕಿಯನ್ನು ನಾನೇ ಓದಿ ಹೇಳಬೇಕು. ಹೇಳಿದ ಮೇಲೆ ಕಾರಣ ಹೇಳಬೇಕು. ಚಿಕ್ಕಮ್ಮ ಅಂದು ಬೆಲ್ಲ ಸುರಿಯಲಿಲ್ಲ. ಚಿಕ್ಕಪ್ಪ ಒಂದು ಚಮಚ ತಿಂದು, "ಇವತ್ಯಾಕೋ ಮನಸ್ಸಿಟ್ಟು ಮಾಡಿಲ್ಲ ನೀನು," ಎಂದು ಬಿಟ್ಟುಬಿಟ್ಟರು.

ಸೋಮವಾರ ಇನ್ನೂರ ಮೂವತ್ತಾರು ಬಂತು. ಡಾಕ್ಟರು ಮೂರು ತಿಂಗಳು ಮುಂದಕ್ಕೆ ಹಾಕಿದರು. ಪೊರೆಯ ಹಿಂದೆ ನರವೂ ಕೆಡುತ್ತಿರಬಹುದು, ತಡವಾದಷ್ಟೂ ಎಷ್ಟು ದೃಷ್ಟಿ ವಾಪಸ್ ಬರುತ್ತದೋ ಹೇಳಲಾಗದು ಎಂದರಂತೆ.

ಚಿಕ್ಕಪ್ಪ ಚಪ್ಪಲಿ ಬಿಡದೆಯೇ ಕುರ್ಚಿಯಲ್ಲಿ ಕೂತರು.

"ಸಹನಾ, ಅದರಲ್ಲಿ ಏನು ಹಾಕ್ತಿದ್ದೆ?"

ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಓದಿರೋ ಹುಡುಗಿ, ಏನೇನೋ ಪ್ರಯೋಗ ಮಾಡ್ತಾಳೆ," ಎಂದರು. "ನಮಗೇನು ಗೊತ್ತಾಗುತ್ತೆ."

ರೂಮಿಗೆ ಹೋಗಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಬೆಲ್ಲ ನಾನು ಕಳಿಸಿದ್ದು ಅಂತ ಮಾತು ಬರುತ್ತೆ ಕಣೇ," ಎಂದಳು ಅಮ್ಮ. "ನಿಮ್ಮಪ್ಪಂಗೆ ಇರೋದು ಒಬ್ಬನೇ ತಮ್ಮ. ಏನೂ ಹೇಳದೆ ಬಂದುಬಿಡು."

ಮರುದಿನ ಚಿಕ್ಕಪ್ಪನೇ ಸ್ಟೇಷನ್ನಿಗೆ ಬಂದರು, ಬೇಡವೆಂದರೂ. ಪ್ಲಾಟ್‌ಫಾರಂ ಮೇಲೆ ಬೋಗಿಯ ನಂಬರಿನ ಹತ್ತಿರ ಮುಖ ಒಯ್ದು ನೋಡಿ, ಹಿಂದೆ ಸರಿದು, "ಇದೇನಾ ನೋಡು," ಎಂದರು. ಇದೇ, ಎಂದೆ. ಬ್ಯಾಗ್ ಎತ್ತಿ ಕೊಟ್ಟರು. ನಾನು ಕಿಟಕಿಯ ಪಕ್ಕ ಕೂತೆ. ಅವರು ಕಂಬಿ ಹಿಡಿದುಕೊಂಡು ನಿಂತರು. ನನ್ನ ಮುಖದ ಕಡೆಗೇ ನೋಡುತ್ತಿದ್ದರೂ ಅವರ ಕಣ್ಣು ನನ್ನ ಭುಜದ ಮೇಲೆಲ್ಲೋ ನಿಂತಿತ್ತು.

"ಬೈಯಲ್ಲ ನಾನು. ಸಿಹಿ ಇರಲಿ ಅಂತ ನೀನು ಪ್ರೀತಿಗೇ ಹಾಕಿರ್ತೀಯ. ಏನು ಹಾಕ್ದೆ ಅಂತ ಈಗಲಾದ್ರೂ ಹೇಳಮ್ಮ. ಮತ್ತೆ ಮೂರು ತಿಂಗಳು ಪಥ್ಯ ಮಾಡ್ಬೇಕಲ್ಲ, ಏನು ಬಿಡ್ಬೇಕು ಅಂತ ನಂಗೆ ಗೊತ್ತಾಗ್ಬೇಕು."

ಸ್ಟ್ರಿಪ್ಪಿನ ಡಬ್ಬಿ ನನ್ನ ಮಡಿಲಿನ ಬ್ಯಾಗಿನಲ್ಲೇ ಇತ್ತು. ಅದನ್ನು ತೆಗೆದು ಕಂಬಿಯ ಸಂದಿಯಿಂದ ಅವರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಏನೆಂದು ತಿಳಿಯಲಿಲ್ಲ.

"ಏನಿದು, ನಿನ್ನ ಪುಡೀನಾ?"

ರೈಲು ಅಲುಗಿತು.

"ಸೀಬೆಹಣ್ಣು ಅಷ್ಟೇ ಚಿಕ್ಕಪ್ಪ," ಎಂದೆ. "ಬೇರೇನೂ ಹಾಕಿಲ್ಲ."

ಅವರು ಕಂಬಿಯಿಂದ ಕೈ ತೆಗೆದರು. "ಹೋಗಲಿ ಬಿಡು," ಎಂದರು. "ಇನ್ಮೇಲೆ ನಿಮ್ಮ ಚಿಕ್ಕಮ್ಮ ಕೊಟ್ಟಿದ್ದನ್ನೇ ತಿಂತೀನಿ."