ಕೆಂಪು ಗುಂಡಿ

ಹನ್ನೊಂದು ವರ್ಷದ ನೌಕರಿಯಲ್ಲಿ ಈ ರೇಣುಕಪ್ರಸಾದ ಒಂದೂ ತಪ್ಪು ಗುಂಡಿ ಒತ್ತಿದವನಲ್ಲ. ಇದನ್ನು ನಾನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ದಬ್ಬೇಘಟ್ಟದ ಆಚೆ, ಅಣೆಕಟ್ಟೆಯಿಂದ ಬರುವ ನಾಲೆ ಇಪ್ಪತ್ತಡಿ ಕೆಳಕ್ಕೆ ಬೀಳುವ ಕಡೆ ನಮ್ಮ ಪುಟ್ಟ ವಿದ್ಯುತ್ ಕೇಂದ್ರ. ಇದ್ದದ್ದು ಒಂದೇ ಯಂತ್ರ, ಆಪರೇಟರ್ ನಾನು. ಯಂತ್ರಕ್ಕೆ ನೀರು ನುಗ್ಗುವ ಬಾಯಿಗೆ ಕಬ್ಬಿಣದ ಜಾಲರಿ. ಅದಕ್ಕೆ ಸಿಕ್ಕಿಕೊಳ್ಳುವ ತೆಂಗಿನಗರಿ, ಎಡಮಟ್ಟೆ, ಬುರುಡೆಗಳನ್ನು ಉದ್ದ ಕೊಕ್ಕೆಯಿಂದ ಎಳೆದು ಹಾಕುವುದು ರಯೀಸನ ಕೆಲಸ. ಜಾಲರಿ ಕಟ್ಟಿಕೊಂಡು ಯಂತ್ರ ತಾನಾಗಿ ನಿಂತರೆ ಅದು ರಯೀಸನ ತಪ್ಪು. ಕೆಂಪು ಗುಂಡಿ ಒತ್ತಿ ನಿಲ್ಲಿಸಿದರೆ ಅದು ಆಪರೇಟರನ ಲೆಕ್ಕಕ್ಕೆ. ಹಿಂದೆ ನೀರಿದ್ದಾಗ ಯಂತ್ರ ಆಗಲೇ ಎರಡು ಸಲ ತಾನಾಗಿ ನಿಂತಿತ್ತು. ಮೂರನೇ ಸಲ ನಿಂತರೆ ರಯೀಸನನ್ನು ಮನೆಗೆ ಕಳಿಸುತ್ತೇನೆಂದು ಎಂಜಿನಿಯರು ನನ್ನೆದುರೇ ಹೇಳಿದ್ದರು. ಹಿಂದಿನ ತಿಂಗಳಷ್ಟೇ ಮದುವೆಯಾಗಿದ್ದ ಹುಡುಗ.

ಎರಡು ವರ್ಷ ಒಣಗಿದ್ದ ನಾಲೆಗೆ ಆ ಶ್ರಾವಣದಲ್ಲಿ ನೀರು ಬಂತು. ಊರಿನ ಮೂವತ್ತು ನಲವತ್ತು ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಡಲು ಬಂದರು. ಮೊರದ ಮೇಲೆ ಮೊರ, ಒಳಗೆ ಬಳೆ, ಅರಿಶಿನ, ರವಿಕೆ ಕಣ. ಎಲ್ಲರಿಗಿಂತ ಮುಂದೆ ಸುವರ್ಣಮ್ಮ. ಅವರ ಮಗಳು ಜೀವಿತಾ ಬೆಳಗಿನಿಂದ ತುರುವೇಕೆರೆ ಆಸ್ಪತ್ರೆಯಲ್ಲಿ ಹೆರಿಗೆ ನೋವು ತಿನ್ನುತ್ತಿದ್ದಳು. ಹಿಂದೆ ಎರಡು ಕೂಸು ಉಳಿದಿರಲಿಲ್ಲ. ಕೇಂದ್ರ ದಾಟಿ ಕೆಳಗಿನ ನಾಲೆಗೆ ಹೋಗಿ ಬಿಡಿ ಎಂದು ನಾನು ಕೂಗಿದೆ. ನನ್ನ ಮಾತು ಯಾರು ಕೇಳಬೇಕು!

ಮೊರಗಳು ಸಾಲಾಗಿ ತೇಲಿ ಬಂದು ಜಾಲರಿಗೆ ಅಂಟಿಕೊಂಡವು. ಜಾಲರಿಯ ಒಳಗಡೆ ನೀರಿನ ಮಟ್ಟ ಇಳಿಯತೊಡಗಿತು; ಇನ್ನಷ್ಟು ಇಳಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ನಾನು ಹೊರಗೆ ಓಡಿದೆ.

"ಎಳೀಲಾ! ನಿಂತ್ಕಂಡು ಏನ್ ನೋಡ್ತಿದೀಯ?"

ರಯೀಸ್ ಕೊಕ್ಕೆ ಹಿಡಿದು ಸುಮ್ಮನೆ ನಿಂತಿದ್ದ. "ಎಂಗ್ ಎಳೀಲಿ ಸಾರ್? ಎಳುದ್ರೆ ಮೊರ ಹರಿದೋಯ್ತವೆ. ಸುವರ್ಣಮ್ಮೋರು ನೋಡ್ತಾ ಅವ್ರೆ. ನಮ್ಮಮ್ಮ ಹೊಲಿಯೋದೇ ಅವ್ರ ಮನೆ ಬಟ್ಟೆನ."

"ಕೆಲಸ ಹೋಯ್ತದೆ ಕಣ್ಲಾ!"

"ಹೋದ್ರೆ ಹೋಗ್ಲಿ ಬುಡಿ ಸಾರ್." ಹಾಗಂದನೇ ಹೊರತು ಕೊಕ್ಕೆಯನ್ನು ಕೆಳಗಿಡಲಿಲ್ಲ.

ಅತ್ತ ಏರಿಯ ಮೇಲೆ ಸುವರ್ಣಮ್ಮ ಕುಸಿದು ಕೂತಿದ್ದರು. "ಗಂಗಮ್ಮಂಗೆ ಬ್ಯಾಡವಾಯ್ತು ಕಣೇ ನನ್ ಬಾಗಿನ," ಎಂದು ಪಕ್ಕದವಳ ಕೈ ಹಿಡಿದು ಅಳುತ್ತಿದ್ದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈ ಹೆಂಗಸರ ಮೇಲೆ, ಈ ಹಟಮಾರಿ ಹುಡುಗನ ಮೇಲೆ, ಎಲ್ಲರ ಮೇಲೆ. ಅದೇ ಸಿಟ್ಟಿನಲ್ಲಿ ಒಳಗೆ ಹೋಗಿ ಕೆಂಪು ಗುಂಡಿ ಒತ್ತಿದೆ.

ಯಂತ್ರ ನಿಂತಿತು. ಯಂತ್ರ ನಿಂತಾಗ ತಾನಾಗಿ ತೆರೆಯುವ ಪಕ್ಕದ ತೂಬು ತೆರೆದುಕೊಂಡು ನೀರೆಲ್ಲ ಆ ಕಡೆ ತಿರುಗಿತು. ಜಾಲರಿಯ ಸೆಳೆತ ಸಡಿಲವಾಗಿ ಮೊರಗಳು ಒಂದೊಂದೇ ಬಿಡಿಸಿಕೊಂಡವು. ಉಳಿದವನ್ನು ರಯೀಸ್ ಕೊಕ್ಕೆಯ ಬೆನ್ನಿನಿಂದ ಮೆಲ್ಲಗೆ ತಳ್ಳಿದ. ಸುವರ್ಣಮ್ಮನ ಬಾಗಿನ ತೂಬು ದಾಟಿ ಕೆಳಗಿನ ನಾಲೆಗೆ ಇಳಿದು ತೋಟಗಳ ಕಡೆ ಹೋಯಿತು. ಅವರು ಎದ್ದು ನಿಂತು ಕೈ ಮುಗಿದರು.

"ನೋಡುದ್ಯಾ ರೇಣುಕಪ್ಪ! ಗಂಗಮ್ಮ ಬತ್ತಾಳೆ ಅಂತ ನಿನ್ ಮಿಷಿನ್ನೇ ನಿಂತ್ಕಂಡು ದಾರಿ ಬುಡ್ತು!"

ನಾನೇ ನಿಲ್ಲಿಸಿದ್ದು ಎನ್ನಲು ಬಾಯಿ ತೆರೆದೆ. ಅವರ ಮುಖ ನೋಡಿ ಹಾಗೇ ಒಳಗೆ ಬಂದೆ.

ಅಷ್ಟರಲ್ಲಿ ಫೋನು. ಎಂಜಿನಿಯರು. "ಏನ್ರೀ, ಮತ್ತೆ ಜಾಲರಿ ಕಟ್ಕೊಂಡ್ತಾ?"

ಬಾಗಿಲಲ್ಲಿ ರಯೀಸ್ ನಿಂತಿದ್ದ, ಒದ್ದೆ ಬಟ್ಟೆಯಲ್ಲಿ.

"ಇಲ್ಲ ಸಾರ್. ನಾನೇ ತಪ್ಪು ಗುಂಡಿ ಒತ್ತಿಬಿಟ್ಟೆ."

ಆ ಕಡೆ ಒಂದೇ ನಗು. "ನೀವಾ? ವಯಸ್ಸಾಯ್ತು ಕಣ್ರೀ ನಿಮಗೆ!"

ಸಂಜೆಯೊಳಗೆ ಸುದ್ದಿ ಮಾಯಸಂದ್ರದ ಸಬ್‌ಸ್ಟೇಷನ್‌ವರೆಗೂ ಮುಟ್ಟಿತು. ಇವತ್ತಿಗೂ ಯಾರಾದರೂ ಸ್ವಿಚ್ಚು ಹುಡುಕುತ್ತಿದ್ದರೆ "ರೇಣುಕಪ್ರಸಾದರನ್ನ ಕೇಳಬೇಡ್ರಪ್ಪಾ" ಎನ್ನುತ್ತಾರೆ. ನನಗೆ ಉರಿಯುತ್ತದೆ. ಹೇಳಿಬಿಡೋಣ ಎನ್ನಿಸುತ್ತದೆ, ರಯೀಸ್ ಕಣ್ಣಿಗೆ ಬೀಳುತ್ತಾನೆ, ನುಂಗಿಕೊಳ್ಳುತ್ತೇನೆ.

ಮೂರನೇ ದಿನ ಸುವರ್ಣಮ್ಮ ಕೊಬ್ಬರಿ ಸಕ್ಕರೆ ತಂದರು. ಜೀವಿತಾಗೆ ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರಂತೆ. ಯಂತ್ರಕ್ಕೆ ಕುಂಕುಮ ಇಟ್ಟು, ಮೊದಲ ಪಾಲು ಅದರ ಮುಂದಿಟ್ಟು ಕೈ ಮುಗಿದರು. ರಯೀಸನಿಗೆ ಒಂದು ಬೊಗಸೆ ಕೊಟ್ಟರು. ನನಗೆ ಉಳಿದದ್ದು ಎರಡು ಚೂರು.

ಮರುವರ್ಷ ನಾಲೆಗೆ ನೀರು ಬಿಟ್ಟ ದಿನ ಎಂಜಿನಿಯರು ಬೆಳಗ್ಗೆಯೇ ಫೋನು ಮಾಡಿದರು. "ಇವತ್ತು ಗುಂಡಿ ಹುಷಾರು ಕಣ್ರೀ."

"ಆಗಲಿ ಸಾರ್," ಎಂದೆ. ಕಿಟಕಿಯಾಚೆ ಏರಿಯ ಮೇಲೆ ಹೆಂಗಸರು ಮೊರ ಹಿಡಿದು ಬರುತ್ತಿದ್ದರು. ಮುಂದೆ ಸುವರ್ಣಮ್ಮ, ಸೊಂಟದಲ್ಲಿ ಮೊಮ್ಮಗಳು.

ಅವತ್ತೂ ನನ್ನಿಂದ ತಪ್ಪಾಯಿತು.