ನೋವಿಗೆ ಮಾತಿಲ್ಲವಂತೆ

ನನ್ನ ಮುಖ ಯಾರಿಗೂ ಗೊತ್ತಿಲ್ಲ. ಬಾಯಿ ತೆರೆದರೆ ಮಾತ್ರ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತವರು ತಿರುಗಿ ನೋಡುತ್ತಾರೆ. "ನೀವು ಮೊಸಳೆ ಅಲ್ವಾ?" ಎಂದು ಒಮ್ಮೆ ಒಬ್ಬ ಮುದುಕರು ಎಲ್ಲರೆದುರಿಗೇ ಕೇಳಿಬಿಟ್ಟರು. ಹೌದು ಸ್ವಾಮಿ, ಮೊಸಳೆಯೇ. ಸರ್ಕಾರಿ ಟಿವಿಯಲ್ಲಿ ಊರೆಲ್ಲ ಮಲಗಿದ ಮೇಲೆ ಬರುವ 'ಜೀವಕೋಟಿ' ಕಾರ್ಯಕ್ರಮಕ್ಕೆ ಹಿನ್ನೆಲೆಯಲ್ಲಿ ಓದುವವಳು ನಾನು. ತಾಯಿ ಮೊಸಳೆ ಮರಿಗಳನ್ನು ಬಾಯಲ್ಲಿ ಹೊತ್ತು ನೀರಿಗೆ ಬಿಡುವ ಕಂತನ್ನು ತಿರುಗಿಸಿ ಮುರುಗಿಸಿ ಹಾಕಿದ್ದರಿಂದ ಅಕ್ಕನ ಬೀದಿಯ ಮಕ್ಕಳಿಗೆಲ್ಲ ನಾನು ಮೊಸಳೆ ಚಿಕ್ಕಮ್ಮ. ನನಗೇನೂ ಬೇಸರವಿಲ್ಲ. ಬೇರೆಯವರ ಚಿಕ್ಕಮ್ಮಂದಿರಿಗೆ ಅಷ್ಟೂ ಹೆಸರಿಲ್ಲ.

ಜೀವಕೋಟಿ ನೋಡುವವರು ಯಾರು ಎಂದು ಕೇಳಬೇಡಿ. ನಿದ್ದೆ ಬಾರದವರು, ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಓಡಾಡುವವರು, ಪಾಳಿ ಮುಗಿಸಿ ಬಂದು ತಟ್ಟೆ ಮುಂದಿಟ್ಟುಕೊಂಡವರು. ಒಂದು ವಾರ ಪ್ರಾಣಿಗಳು, ಮುಂದಿನ ವಾರ ಮನುಷ್ಯರು. ಎರಡಕ್ಕೂ ಬರೆಯುವವನು ಒಬ್ಬನೇ, ಓದುವವಳೂ ಒಬ್ಬಳೇ. ಬರೆಯುವುದು, ಜೋಡಿಸುವುದು, ಕತ್ತರಿಸುವುದು ಎಲ್ಲ ನಮ್ಮ ಮುಖ್ಯಸ್ಥನದು. ಅವನಿಗೆ ನಾವಿಟ್ಟ ಹೆಸರು ಕತ್ತರಿ.

ಈ ಕತ್ತರಿಯ ಪದ್ಧತಿಯನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯ ಉರಿ ನಿಮಗೆ ತಿಳಿಯುವುದಿಲ್ಲ. ಪ್ರಾಣಿ ಕೂಗಿದರೆ ಆ ಕೂಗು ಮುಗಿಯುವ ತನಕ ನಾನು ತುಟಿ ಬಿಚ್ಚುವಂತಿಲ್ಲ. ಕೊನೆಯ ಉಸಿರಿನ ತನಕ ಕೇಳಬೇಕು, ಅದೇ ಸೊಗಸು. ಮನುಷ್ಯರು ಬಾಯಿ ತೆರೆದರೆ ಮಾತ್ರ ಎರಡು ಮಾತು ಬಿಟ್ಟು ಅವರ ಧ್ವನಿಯನ್ನು ತಗ್ಗಿಸಿ ಮೇಲೆ ನನ್ನ ಧ್ವನಿ ಹೊದಿಸಬೇಕು. ನಮ್ಮಲ್ಲಿ ಇದಕ್ಕೆ ಕಂಬಳಿ ಹಾಕುವುದು ಅನ್ನುತ್ತಾರೆ. "ಜನ ಎಳೀತಾರೆ, ತೊದಲ್ತಾರೆ, ಅತ್ತು ಮುಖ ಕೆಡಿಸ್ಕೋತಾರೆ. ಅದನ್ನೇ ನೀವು ಎರಡು ಸಾಲಲ್ಲಿ ಎಷ್ಟು ಚೆನ್ನಾಗಿ ಹೇಳ್ತೀರಿ!" ಎಂದು ನನ್ನ ಮೂಗಿಗೆ ತುಪ್ಪ ಸವರುತ್ತಾನೆ ಕತ್ತರಿ.

ಇನ್ನೊಂದು ಸಂಗತಿ. ನಾನು ಓದುವ ಗೂಡಿನಲ್ಲಿ ಚಿತ್ರವೇ ಇಲ್ಲ. ಒಂದು ಪರದೆ ಇತ್ತು, ಕೆಟ್ಟಿತು, ಯಾರೂ ಸರಿ ಮಾಡಿಸಲಿಲ್ಲ. "ಮೊಸಳೆ ಮೊಸಳೆ ಥರಾನೇ ಇರತ್ತೆ, ನೋಡಿ ಏನಾಗ್ಬೇಕು?" ಎಂದ ಕತ್ತರಿ. ಎದುರಿಗೆ ಒಂದು ಕೆಂಪು ದೀಪ. ಹತ್ತಿದರೆ ಓದು, ಆರಿದರೆ ನಿಲ್ಲಿಸು. ಯಾರ ತಲೆಯ ಮೇಲೆ ಕಂಬಳಿ ಬೀಳುತ್ತಿದೆಯೋ ನನಗೆ ಕಾಣಿಸುವುದಿಲ್ಲ.

ಹೀಗಿರುವಾಗ ಒಂದು ದಿನ ಅಕ್ಕ ಬಂದು, "ನಿಮ್ಮ ಟಿವಿಯವ್ರು ನಮ್ಮಲ್ಲಿಗೆ ಬಂದಿದ್ರು ಕಣೇ. ನಾನು ಮಾತಾಡಿದೆ" ಎಂದಳು.

ಅಕ್ಕ ಕೆಲಸ ಮಾಡುವುದು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಭಾವನೂ ಅಲ್ಲೇ ಇದ್ದರು, ಬಟ್ಟೆ ಹಿಂಡುವ ಯಂತ್ರದ ಮೇಲೆ. ಆ ಯಂತ್ರವೇ ಅವರನ್ನು ಬಲಿ ತೆಗೆದುಕೊಂಡಿತು. ಕುಡಿದು ಬಂದು ಕೈ ಹಾಕಿದ, ನಾವೇನು ಮಾಡೋಣ ಎಂದರು ಲಾಂಡ್ರಿಯವರು. ಮುಗಿಯಿತು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ ಸತ್ತ ಮೇಲೆ ಕುಡುಕನಾದ. ಸತ್ತವರು ಎದ್ದು ಬಂದು ಸಾಕ್ಷಿ ಹೇಳುತ್ತಾರೆಯೇ? ಆಡುವವರ ಬಾಯಿಗೆ ಅಡ್ಡಿಯೇ ಇಲ್ಲದಂತಾಯಿತು. ಎಲ್ಲರಿಗಿಂತ ಹೆಚ್ಚು ಆಡಿದವರು ಅಕ್ಕನ ಬೀಗಿತ್ತಿ, ಅಂದರೆ ಅವಳ ಮಗಳ ಅತ್ತೆ. ಸೊಸೆಯ ಕೈಯಿಂದ ಲೋಟ ಜಾರಿದರೂ, "ಕುಡುಕನ ಮಗಳು, ಕೈ ನಡುಗದೆ ಇರತ್ತಾ?" ಅನ್ನುತ್ತಿದ್ದರು.

ಅಕ್ಕ ಹೇಳಲು ಹೋಗದೆ ಇರಲಿಲ್ಲ. ಆದರೆ ಪೂರ್ತಿ ಹೇಳಲು ಯಾರೂ ಬಿಡಲಿಲ್ಲ. ಅರ್ಧಕ್ಕೇ, "ಆಯ್ತು ಬಿಡಿ, ಹೋದವ್ರು ಹೋದ್ರು" ಎಂದು ಸಮಾಧಾನ ಹೇಳಿ ಎದ್ದುಬಿಡುತ್ತಿದ್ದರು. ಈಗ ಲಾಂಡ್ರಿಯ ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ, ಮುಖದ ಮುಂದೆ ಕ್ಯಾಮೆರಾ ಇಟ್ಟು, ಹೇಳಿ ಅಮ್ಮಾ ಎಂದರೆ ಬಿಟ್ಟಾಳೆಯೇ? "ಎಲ್ಲಾ ಹೇಳ್ಬಿಟ್ಟೆ. ಕೆಲಸ ಹೋದ್ರೆ ಹೋಗ್ಲಿ. ಟಿವಿಲಿ ಬಂದ್ಮೇಲೆ ಬೀಗಿತ್ತಿ ಹೇಗೆ ಕುಡುಕ ಅಂತಾರೋ ನೋಡ್ತೀನಿ" ಎಂದಳು. ಭಾವ ಹೋದ ಮೇಲೆ ಅವಳ ಮುಖದಲ್ಲಿ ಅಷ್ಟು ಗೆಲುವನ್ನು ನಾನು ನೋಡಿರಲಿಲ್ಲ.

ನಾನು ಕತ್ತರಿಯನ್ನು ಕೇಳಿದೆ. ಬಾಯಿ ಬಿಟ್ಟೇ ಕೇಳಿದೆ. "ಲಾಂಡ್ರಿ ಕಂತಲ್ಲಿ ನಮ್ಮಕ್ಕ ಇದ್ದಾಳೆ. ಅವಳದ್ದು ಇಟ್ಕೊಂಡಿದ್ದೀರಾ?"

"ಪೂರ್ತಿ ಇದೆ ಮೇಡಂ. ಒಂದು ಚೂರೂ ಕತ್ತರಿಸಿಲ್ಲ" ಎಂದ.

ಗೂಡಿಗೆ ಹೋಗಿ ಕೂತೆ. ದೀಪ ಹತ್ತಿತು, ಓದಿದೆ. ಒಂದು ಕಡೆ 'ಇವರ ನೋವಿಗೆ ಮಾತಿಲ್ಲ' ಎಂಬ ಸಾಲಿತ್ತು. ಕತ್ತರಿ ಗಾಜಿನ ಆಚೆಯಿಂದ, "ಇನ್ನೊಂದ್ಸಲ ಮೇಡಂ, ಸ್ವಲ್ಪ ನಡುಗಲಿ" ಎಂದ. ನಡುಗಿಸಿದೆ. ಚೆನ್ನಾಗಿ ನಡುಗಿತು ಎಂದು ಹೆಬ್ಬೆರಳು ತೋರಿಸಿದ.

ಪ್ರಸಾರದ ರಾತ್ರಿ ಅಕ್ಕನ ಮನೆ ತುಂಬಿತ್ತು. ಅಕ್ಕಪಕ್ಕದವರು ನಿದ್ದೆಗಣ್ಣಲ್ಲಿ ಬಂದು ನೆಲದ ಮೇಲೆ ಕೂತಿದ್ದರು. ಮಗಳು ಕೂಸನ್ನು ಎತ್ತಿಕೊಂಡು ಬಂದಿದ್ದಳು, ಜೊತೆಗೆ ಬೀಗಿತ್ತಿ. ಬೀಗಿತ್ತಿಗೆ ಇದ್ದ ಒಂದೇ ಒಳ್ಳೆಯ ಕುರ್ಚಿ. ತೆರೆಯ ಮೇಲೆ ಆವಿ, ಬಿಳಿ ಬಟ್ಟೆಯ ರಾಶಿ, ಓಡಾಡುವ ಹೆಂಗಸರು, ಮೇಲಿಂದ ನನ್ನ ಧ್ವನಿ: 'ಇವರು ಗುಂಪು ಗುಂಪಾಗಿ ದುಡಿಯುತ್ತಾರೆ. ತಮ್ಮ ತೂಕಕ್ಕಿಂತ ಹೆಚ್ಚಿನ ಭಾರ ಹೊರುತ್ತಾರೆ.'

"ಇದು ಇರುವೆದೋ ನಿಮ್ಮಕ್ಕಂದೋ?" ಎಂದರು ಬೀಗಿತ್ತಿ. ಎಲ್ಲರೂ ನಕ್ಕರು. ಸುಳ್ಳೇಕೆ, ನಾನೂ ನಕ್ಕೆ.

ಆಮೇಲೆ ಅಕ್ಕ ಬಂದಳು. ಹಿತ್ತಲ ಮೆಟ್ಟಿಲು, ಸೊಂಟದ ತನಕ ಅಕ್ಕ, ಒಗೆದ ಸೀರೆ. "ನಮ್ಮ ಯಜಮಾನ್ರು ಆವತ್ತು" ಎಂದಳು. ಅಷ್ಟೇ. ಧ್ವನಿ ತಗ್ಗಿತು. ಬಾಯಿ ಆಡುತ್ತಲೇ ಇದೆ, ಕೈ ಎತ್ತಿ ಏನನ್ನೋ ಸುತ್ತಿ ಸುತ್ತಿ ಕಟ್ಟಿದಂತೆ ತೋರಿಸುತ್ತಿದ್ದಾಳೆ, ಕೊರಳ ನರ ಉಬ್ಬಿದೆ. ಮೇಲಿಂದ ನಾನು ರಾಗವಾಗಿ ಹೇಳುತ್ತಿದ್ದೇನೆ: 'ಇಂಥ ಎಷ್ಟೋ ಹೆಂಗಸರು ಇಲ್ಲಿದ್ದಾರೆ. ಬದುಕು ಇವರಿಗೆ ಕೊಟ್ಟಿದ್ದು ಕಣ್ಣೀರು ಮಾತ್ರ. ಇವರ ನೋವಿಗೆ ಮಾತಿಲ್ಲ.' ಧ್ವನಿ ಎಷ್ಟು ಚೆನ್ನಾಗಿ ನಡುಗಿತ್ತು ಗೊತ್ತೇ? ನನ್ನ ನಾಲಿಗೆಯನ್ನು ಕಿತ್ತು ಬೀದಿಗೆಸೆಯಬೇಕು ಅನ್ನಿಸಿತು.

ಅಕ್ಕ ಹೋದಳು, ಆವಿ ಬಂತು. ಬೀಗಿತ್ತಿ ಸೆರಗು ಸರಿ ಮಾಡಿಕೊಂಡು, "ಪಾಪ, ಅಳು ಬಂದು ಏನೂ ಹೇಳೋಕಾಗ್ಲಿಲ್ಲ ಅನ್ಸತ್ತೆ. ಹೇಳೋಕೆ ಏನಾದ್ರೂ ಇದ್ರೆ ತಾನೆ" ಎಂದರು.

ಅಕ್ಕ ಅವರ ಕಡೆ ನೋಡಲೂ ಇಲ್ಲ. ನನ್ನನ್ನು ನೋಡಿ, "ಅದು ನಿನ್ನ ಧ್ವನಿ ಅಲ್ವೇನೇ?" ಎಂದಳು. ಬೈದಿದ್ದರೆ ವಾಸಿಯಿತ್ತು.

ಬೆಳಗ್ಗೆ ನೇರವಾಗಿ ಕತ್ತರಿಯ ಕೋಣೆಗೆ ನುಗ್ಗಿದೆ. ಅವನು ಮುಂದಿನ ಕಂತಿನ ನರಿಗಳನ್ನು ಜೋಡಿಸುತ್ತಿದ್ದ. ತೆರೆಯ ಮೇಲೆ ಒಂದು ನರಿ ದಿಬ್ಬದ ಮೇಲೆ ನಿಂತು ಊಳಿಡುತ್ತಿತ್ತು. ನಾನು ಬಾಯಿ ತೆರೆದೆ. ಕತ್ತರಿ ತಿರುಗದೆಯೇ ಬೆರಳೆತ್ತಿ, "ಶ್, ಮುಗೀಲಿ" ಎಂದ. ನರಿ ಎಳೆದೂ ಎಳೆದೂ ಊಳಿಟ್ಟಿತು. ಉಸಿರು ತೆಗೆದುಕೊಂಡಿತು. ಮತ್ತೆ ಊಳಿಟ್ಟಿತು.

"ನರಿದು ಆಯ್ತಾ? ಈಗ ನಾನು ಮಾತಾಡ್ಬಹುದಾ?" ಎಂದೆ.

"ಏನಾಯ್ತು ಮೇಡಂ?"

"ನಮ್ಮಕ್ಕನ ಮಾತು ಪೂರ್ತಿ ಇದೆ ಅಂದ್ರಲ್ಲ?"

"ಪೂರ್ತಿ ಇತ್ತಲ್ಲ. ಒಂದು ಚಿತ್ರಾನೂ ತೆಗೆದಿಲ್ಲ."

"ಚಿತ್ರ ಇಟ್ಕೊಂಡು ಉಪ್ಪು ಹಾಕ್ಕೊಂಡು ನೆಕ್ಕಲಾ? ಅವಳು ಬಾಯಿಬಿಟ್ಟು ಹೇಳ್ತಿರುವಾಗ ಅವಳ ನೋವಿಗೆ ಮಾತಿಲ್ಲ ಅಂತ ನನ್ನ ಬಾಯಲ್ಲೇ ಹೇಳಿಸಿದ್ರಲ್ಲ! ನಾಚಿಕೆ ಆಗಲ್ವಾ?"

"ಅದು ಭಾವನೆ ಮೇಡಂ. ಅವರ ಮಾತು ಜನಕ್ಕೆ ಸರಿಯಾಗಿ ಅರ್ಥ ಆಗಲ್ಲ."

"ಈ ನರಿ ಹೇಳಿದ್ದು ಅರ್ಥ ಆಯ್ತಾ ನಿಮಗೆ?"

"ಅದು ಪ್ರಕೃತಿ."

"ನಮ್ಮಕ್ಕ ಏನು, ಪ್ಲಾಸ್ಟಿಕ್ಕಾ?"

ಆಗ ಅಸಲು ಸಂಗತಿ ಹೊರಗೆ ಬಂತು. ಕುರ್ಚಿ ತಿರುಗಿಸಿ, ದನಿ ಇಳಿಸಿ, "ನೋಡಿ, ಅವರು ಬಾಗಿಲು, ಕೊಂಡಿ, ತಂತಿ ಅಂತೆಲ್ಲ ಏನೇನೋ ಹೇಳ್ತಾರೆ. ಲಾಂಡ್ರಿಯವ್ರು ಒಳಗೆ ಬಿಟ್ಟಿದ್ದೇ ದೊಡ್ಡದು. ನಮಗ್ಯಾಕೆ ಊರ ಉಸಾಬರಿ? ಇದು ಜೀವಕೋಟಿ, ವಾರ್ತೆ ಅಲ್ಲ" ಎಂದ. ಅಂದರೆ ಇವನು ಕೇಳಿದ್ದಾನೆ. ಅಕ್ಕ ಹೇಳಿದ್ದನ್ನು ಮೊದಲಿಂದ ಕೊನೆಯ ತನಕ ಕಿವಿಯಾರೆ ಕೇಳಿ, ಅರ್ಥ ಮಾಡಿಕೊಂಡು, ಆಮೇಲೆ ಕಂಬಳಿ ಹಾಕಿಸಿದ್ದಾನೆ, ಅದೂ ತಂಗಿಯ ಕೈಯಿಂದಲೇ.

ಮುಂದೆ ನಾನು ಆಡಿದ್ದನ್ನು ಅಚ್ಚು ಹಾಕಿಸುವಂತಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ, "ನನ್ನ ಧ್ವನಿ ನನ್ನದು. ಭಾನುವಾರ ಮಧ್ಯಾಹ್ನದ ಮರುಪ್ರಸಾರದಲ್ಲಿ ಆ ಜಾಗದಿಂದ ನನ್ನ ಮಾತು ತೆಗೀರಿ. ಇಲ್ಲಾಂದ್ರೆ ನಿಮ್ಮ ನರಿಗೆ ನೀವೇ ಓದ್ಕೊಳ್ಳಿ" ಎಂದೆ. ಅದು ನಾಟಿತು. ನರಿಗೆ ಧ್ವನಿ ಅಂದೇ ಬೇಕಿತ್ತು.

"ಆಯ್ತು ಮೇಡಂ. ಆ ಜಾಗದಲ್ಲಿ ನಿಮ್ಮ ಧ್ವನಿ ಇರಲ್ಲ. ಸರೀನಾ?" ಎಂದ. ನಂಬಿದೆ. ಗೂಡಿಗೆ ಹೋಗಿ ನರಿಯ ಸಂಸಾರವನ್ನು ಓದಿ, ನೇರ ಅಕ್ಕನ ಮನೆಗೆ ಹೋಗಿ ಬೀಗಿತ್ತಿಯನ್ನು ಮತ್ತೆ ಕರೆಸು ಎಂದೆ.

ಭಾನುವಾರ ಬೀಗಿತ್ತಿ ಮುಖ ಗಂಟು ಹಾಕಿಕೊಂಡೇ ಬಂದರು. "ಅದೇ ಇರುವೆ ಎಷ್ಟು ಸಲ ನೋಡೋದು?" ಎನ್ನುತ್ತ ಅದೇ ಕುರ್ಚಿಯಲ್ಲಿ ಕೂತರು. ಅಕ್ಕಪಕ್ಕದವರೂ ಬಂದರು. ಆವಿ ಬಂತು, ಬಟ್ಟೆಯ ರಾಶಿ ಬಂತು, ಹಿತ್ತಲ ಮೆಟ್ಟಿಲು ಬಂತು. "ನಮ್ಮ ಯಜಮಾನ್ರು ಆವತ್ತು" ಎಂದಳು ಅಕ್ಕ.

ನನ್ನ ಧ್ವನಿ ಇರಲಿಲ್ಲ. ಪುಣ್ಯಾತ್ಮ, ಕೊಟ್ಟ ಮಾತು ಉಳಿಸಿಕೊಂಡಿದ್ದ. ಆ ಜಾಗಕ್ಕೆ ಕೊಳಲು ಹಾಕಿದ್ದ. ಸಂಜೆಯ ಹೊತ್ತು ಹಕ್ಕಿಗಳು ಗೂಡಿಗೆ ಮರಳುವಾಗ ಹಾಕುತ್ತಾರಲ್ಲ, ಅದೇ ಕೊಳಲು. ಅದರ ಅಡಿಯಲ್ಲಿ ಅಕ್ಕನ ಬಾಯಿ ಸುಮ್ಮನೆ ತೆರೆದು ಮುಚ್ಚುತ್ತಿತ್ತು.

ನಾನು ಎದ್ದು ನಿಂತು ಕೂಗಾಡತೊಡಗಿದೆ. "ಅಯ್ಯೋ ಇವನ ಮನೆ ಹಾಳಾಗ! ಇವನ ಕೈಗೆ..."

"ಕೂತ್ಕೋ ನೀನು" ಎಂದಳು ಅಕ್ಕ.

ಕೂತೆ. ಅಕ್ಕ ರಿಮೋಟ್ ತೆಗೆದುಕೊಂಡು ಸದ್ದು ಪೂರ್ತಿ ಅಡಗಿಸಿದಳು. ಕೊಳಲು ನಿಂತಿತು. ಟಿವಿಯ ಪಕ್ಕಕ್ಕೆ ಹೋಗಿ, ಬಾಯಾಡಿಸುತ್ತಿದ್ದ ತನ್ನದೇ ಮುಖದ ಹತ್ತಿರ ನಿಂತು, ಬೀಗಿತ್ತಿಯ ಕಡೆ ತಿರುಗಿದಳು.

"ನಮ್ಮ ಯಜಮಾನ್ರು ಆವತ್ತು ಕುಡಿದಿರಲಿಲ್ಲ" ಎಂದಳು. "ಯಾವತ್ತೂ ಕುಡಿದೋರಲ್ಲ. ಹಿಂಡೋ ಯಂತ್ರದ ಬಾಗಿಲಿನ ಕೊಂಡಿ ಮುರಿದಿತ್ತು. ಬಾಗಿಲು ತೆಗೆದ್ರೆ ಯಂತ್ರ ತಾನಾಗೇ ನಿಲ್ಬೇಕು, ನಿಲ್ತಿರಲಿಲ್ಲ. ಸರಿ ಮಾಡಿಸಿ ಅಂತ ಇವರು ಕೇಳ್ತಾನೇ ಇದ್ರು. ಬಾಗಿಲಿಗೆ ತಂತಿ ಸುತ್ತಿ ನಡೆಸು ಅಂದ್ರು ಲಾಂಡ್ರಿಯವ್ರು. ಇವರು ಸುತ್ತಿ ನಡೆಸಿದ್ರು. ಆವತ್ತು ನಿಂತಿದೆ ಅಂತ ತಂತಿ ಬಿಚ್ಚಿ ಬಟ್ಟೆ ತೆಗೀತಿದ್ರು, ತಿರುಗ್ತು. ನಾನು ಪಕ್ಕದ ಮೇಜಲ್ಲೇ ಮಡಿಸ್ತಿದ್ದೆ. ಓಡಿಹೋಗಿ ತಲೆ ಎತ್ತಿ ತೊಡೆ ಮೇಲೆ ಇಟ್ಕೊಂಡೆ. ಏನೋ ಹೇಳೋಕೆ ನೋಡಿದ್ರು, ಬಗ್ಗಿದೆ. ಅವರ ಬಾಯಿ ನನ್ನ ಮೂಗಿನ ಹತ್ತಿರಾನೇ ಇತ್ತು. ಟೀ ವಾಸನೆ ಬರ್ತಿತ್ತು. ಬೆಳಗ್ಗೆ ನಾನೇ ಮಾಡಿಕೊಟ್ಟಿದ್ದು."

ಟಿವಿಯಲ್ಲಿ ಅಕ್ಕ ಆಗಲೇ ಹೋಗಿಯಾಗಿತ್ತು. ಆವಿ ಬಂದಿತ್ತು, ಹೆಸರುಗಳು ಸಾಗುತ್ತಿದ್ದವು. ಕತ್ತರಿಯ ಹೆಸರು ಹೋಯಿತು, ನನ್ನದೂ ಹೋಯಿತು. ಯಾರೂ ಅತ್ತ ನೋಡಲಿಲ್ಲ. ಟೀ ವಾಸನೆಯ ಮಾತನ್ನು ನಾನೂ ಅವತ್ತೇ ಮೊದಲು ಕೇಳಿದ್ದು. ಒಡಹುಟ್ಟಿದವಳು ನಾನು, ನನಗೂ ಗೊತ್ತಿರಲಿಲ್ಲ.

ಬೀಗಿತ್ತಿ ಕುರ್ಚಿಯ ತುದಿಗೆ ಬಂದಿದ್ದರು. ಬಾಯಲ್ಲಿ ಕೊಂಕಿಗೆ ಕೊರತೆಯಿಲ್ಲದ ಹೆಂಗಸು, ಆವತ್ತು ಒಂದೇ ಮಾತು ಕೇಳಿದರು.

"ಆಮೇಲೆ?"

ಅಕ್ಕ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಪಾಪ, ಅವಳಿಗೆ ಹೇಳಲಾಗದೇನೋ ಎಂದು ನಾನೇ ಬಾಯಿ ತೆರೆದೆ. "ಆಮೇಲೆ ಏನಾಯ್ತು ಅಂದ್ರೆ..." ಎಂದು ರಾಗ ಎಳೆದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ.

ಅಕ್ಕನ ಮಗಳು ನನ್ನ ಕೈ ಹಿಡಿದು ಒತ್ತಿದಳು. "ಶ್, ಚಿಕ್ಕಮ್ಮ. ಅಮ್ಮಂದು ಮುಗೀಲಿ."

ಬಾಯಿ ಮುಚ್ಚಿಕೊಂಡೆ. ಅಕ್ಕ ಒಂದು ಮಣೆ ಎಳೆದುಕೊಂಡು ಬೀಗಿತ್ತಿಯ ಎದುರಿಗೆ ಕೂತಳು. ಕೂಸು ಕುಂಯ್ ಎಂದಿತು, ಮಗಳು ಅದನ್ನು ಹೆಗಲಿಗೆ ಹಾಕಿಕೊಂಡಳು.

"ಆಮೇಲೆ ಮೇಸ್ತ್ರಿ ಓಡಿಬಂದ" ಎಂದಳು ಅಕ್ಕ. "ಇವರ ಕಡೆ ತಿರುಗಿಯೂ ನೋಡ್ಲಿಲ್ಲ. ಮೊದಲು ಆ ತಂತಿ ತೆಗೆದು ಜೇಬಿಗೆ ಹಾಕ್ಕೊಂಡ."